ವೈದ್ಯಕ್ಕೆ ಮೊದಲು ವಿಜ್ಞಾನ: ಬಾಲ್ಟಿಮೋರಿನ ಒಂದು ಷರತ್ತು

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದದೆ ವೈದ್ಯಕೀಯ ಕಾಲೇಜಿನ ಬಾಗಿಲು ತಟ್ಟುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮನೆಯಲ್ಲಿ ನೀಟ್‌ಗೆ ಓದುವ ಮಕ್ಕಳಿದ್ದರೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಅಮೆರಿಕದಲ್ಲಿ ಈ ನಿಯಮ ಮತ್ತಷ್ಟು ಬಿಗಿ. ಸಾಮಾನ್ಯವಾಗಿ ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಅದರಲ್ಲಿ ವಿಜ್ಞಾನದ ಗೊತ್ತಾದ ಪಾಠಗಳು, ಆಮೇಲೆ ವೈದ್ಯಕೀಯ. ಶಾಲೆ ಮುಗಿದೊಡನೆ ಎರಡಕ್ಕೂ ಒಟ್ಟಿಗೇ ಸೇರಿಸಿಕೊಳ್ಳುವ ಸಂಯುಕ್ತ ಪದವಿಗಳೂ ಕೆಲವೆಡೆ ಉಂಟು. ಇದೆಲ್ಲ ಪ್ರಾಧ್ಯಾಪಕರ ಸಭೆಯಲ್ಲಿ ತೀರ್ಮಾನವಾದದ್ದೆಂದು ನೀವು ಭಾವಿಸಿದ್ದರೆ ಅದು ಅರ್ಧ ಸತ್ಯ. ಕಾಗದದ ಮೇಲಿದ್ದ ಮಾತನ್ನು ಕಾರ್ಯಕ್ಕೆ ಇಳಿಸಿದ್ದು ಸ್ವತಃ ಕಾಲೇಜು ಪದವಿಯಿಲ್ಲದ ಒಬ್ಬ ಮಹಿಳೆ.

ಅದಕ್ಕೆ ಹಿಂದಿನ ಸ್ಥಿತಿಯನ್ನು ಸ್ವಲ್ಪ ನೋಡಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಹುತೇಕ ವೈದ್ಯಶಾಲೆಗಳು ವ್ಯಾಪಾರದ ಅಂಗಡಿಗಳಂತಿದ್ದವು. ಕೆಲವು ತಿಂಗಳ ಉಪನ್ಯಾಸ, ಮರುವರ್ಷ ಅದೇ ಉಪನ್ಯಾಸದ ಪುನರಾವರ್ತನೆ, ಕೊನೆಗೊಂದು ಡಾಕ್ಟರ್ ಪದವಿ. ಉಪನ್ಯಾಸದ ಟಿಕೆಟ್ ಹಣ ಪ್ರಾಧ್ಯಾಪಕರ ಜೇಬಿಗೇ ಸೇರುತ್ತಿದ್ದುದರಿಂದ ವಿದ್ಯಾರ್ಥಿಯನ್ನು ನಪಾಸು ಮಾಡುವ ಉತ್ಸಾಹ ಯಾರಿಗೂ ಇರಲಿಲ್ಲ. ಹಾರ್ವರ್ಡ್‌ನಂಥ ಕಡೆಯಲ್ಲೂ ಲಿಖಿತ ಪರೀಕ್ಷೆಯ ಮಾತೆತ್ತಿದಾಗ, ನಮ್ಮ ಹುಡುಗರಲ್ಲಿ ಅನೇಕರಿಗೆ ನೆಟ್ಟಗೆ ಬರೆಯಲು ಬಾರದಲ್ಲ ಎಂಬ ಆಕ್ಷೇಪ ಬಂದಿತಂತೆ!

ಬಾಲ್ಟಿಮೋರಿನ ವರ್ತಕ ಜಾನ್ಸ್ ಹಾಪ್‌ಕಿನ್ಸ್ 1873ರಲ್ಲಿ ತೀರಿಕೊಂಡಾಗ 70 ಲಕ್ಷ ಡಾಲರುಗಳನ್ನು ಒಂದು ವಿಶ್ವವಿದ್ಯಾಲಯಕ್ಕೂ ಒಂದು ಆಸ್ಪತ್ರೆಗೂ ಬಿಟ್ಟುಹೋದ. ಆಸ್ಪತ್ರೆ 1889ರಲ್ಲಿ ತೆರೆಯಿತು. ವೈದ್ಯಶಾಲೆ ಮಾತ್ರ ತೆರೆಯಲಿಲ್ಲ. ವಿಶ್ವವಿದ್ಯಾಲಯದ ನಿಧಿ ಬಾಲ್ಟಿಮೋರ್ ಮತ್ತು ಓಹಾಯೊ ರೈಲ್ವೆಯ ಷೇರುಗಳಲ್ಲಿತ್ತು. ಕಂಪನಿ ಲಾಭಾಂಶ ಕೊಡುವುದನ್ನು ನಿಲ್ಲಿಸಿತ್ತು.

ಆಗ ಮುಂದೆ ಬಂದವರು ಧರ್ಮದರ್ಶಿಗಳ ಹೆಣ್ಣುಮಕ್ಕಳೇ. ಅವರಲ್ಲಿ ಪ್ರಮುಖಳಾದ ಮೇರಿ ಎಲಿಜಬೆತ್ ಗ್ಯಾರೆಟ್, ಅದೇ ರೈಲ್ವೆಯ ಅಧ್ಯಕ್ಷನಾಗಿದ್ದವನ ಮಗಳು. ವಿಧಿಯ ಲೆಕ್ಕಾಚಾರ ನೋಡಿ: ರೈಲ್ವೆ ತಪ್ಪಿಸಿದ ಹಣವನ್ನು ರೈಲ್ವೆಯ ಮನೆಮಗಳು ತುಂಬಿದಳು. 1890ರಲ್ಲಿ ಈ ಮಹಿಳೆಯರು ಲಕ್ಷ ಡಾಲರಿಗೂ ಮಿಕ್ಕಿ ಸಂಗ್ರಹಿಸಿ, ಗಂಡಸರಿಗೆ ಯಾವ ನಿಯಮವೋ ಹೆಂಗಸರಿಗೂ ಅದೇ ನಿಯಮದಲ್ಲಿ ಪ್ರವೇಶ ಕೊಡುವುದಾದರೆ ತೆಗೆದುಕೊಳ್ಳಿ ಎಂದರು. ಧರ್ಮದರ್ಶಿಗಳು ಒಪ್ಪಿ, ಆದರೆ ಐದು ಲಕ್ಷವಾಗದೆ ಶಾಲೆ ತೆರೆಯುವುದಿಲ್ಲ ಎಂದರು. 1892ರ ಡಿಸೆಂಬರಿನಲ್ಲಿ ಉಳಿದ 3,06,977 ಡಾಲರುಗಳನ್ನು ಗ್ಯಾರೆಟ್ ಒಬ್ಬಳೇ ಕೊಡಮಾಡಿದಳು.

ಹಣದ ಜೊತೆಗೆ ಷರತ್ತುಗಳೂ ಬಂದವು. ಸೇರಲಿಚ್ಛಿಸುವವರು ಪದವೀಧರರಾಗಿರಬೇಕು ಅಥವಾ ಅದಕ್ಕೆ ಸಮನಾದ ವಿದ್ಯೆ ಪಡೆದಿರಬೇಕು. ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ಫ್ರೆಂಚ್, ಜರ್ಮನ್ ಓದಲು ಬರಬೇಕು. ಮಾತಿಗೆ ತಪ್ಪಿದರೆ ಹಣ ವಾಪಸು. ಇವುಗಳ ಮೂಲ ಕರಡು ರೋಗಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ವೆಲ್ಚ್‌ನದೇ. ಆದರ್ಶವಾಗಿ ಬರೆದದ್ದನ್ನು ಆಕೆ ಅಕ್ಷರಶಃ ಹಿಡಿದಾಗ ವೆಲ್ಚ್ ಅಳುಕಿದ. ಇಷ್ಟು ಎತ್ತರದ ಹೊಸ್ತಿಲು ದಾಟಿ ಬರುವವರಾದರೂ ಯಾರು? ನಾವು ಪ್ರಾಧ್ಯಾಪಕರಾಗಿ ಒಳಬಂದದ್ದು ಪುಣ್ಯ, ವಿದ್ಯಾರ್ಥಿಗಳಾಗಿ ಬಂದಿದ್ದರೆ ಸೀಟು ಸಿಗುತ್ತಿರಲಿಲ್ಲ ಎಂಬರ್ಥದಲ್ಲಿ ವಿಲಿಯಂ ಆಸ್ಲರ್ ಹಾಸ್ಯ ಮಾಡಿದ್ದು ಪ್ರಸಿದ್ಧ.

1893ರ ಅಕ್ಟೋಬರಿನಲ್ಲಿ 18 ಮಂದಿ ಸೇರಿದರು. ಅವರಲ್ಲಿ ಮೂವರು ಮಹಿಳೆಯರು. ನಮ್ಮ ಆನಂದಿಬಾಯಿ ಜೋಶಿ 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಡಾಕ್ಟರಾದದ್ದನ್ನು ನೀವು ಓದಿರುತ್ತೀರಿ. ಅದು ಮಹಿಳೆಯರಿಗೆಂದೇ ಇದ್ದ ಪ್ರತ್ಯೇಕ ಕಾಲೇಜು. ಇಲ್ಲಿಯಾದರೋ ಹುಡುಗರ ಪಕ್ಕದ ಬೆಂಚು, ಅದೇ ಪ್ರಯೋಗಶಾಲೆ, ಅದೇ ಪರೀಕ್ಷೆ. 1900ರಲ್ಲಿ ಇಲ್ಲಿಂದ ಹೊರಬಂದ ಫ್ಲಾರೆನ್ಸ್ ಸೇಬಿನ್ 1917ರಲ್ಲಿ ಅಲ್ಲಿಯೇ ಪೂರ್ಣ ಪ್ರಾಧ್ಯಾಪಕಿಯಾದಳು. 1925ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯೂ ಆದಳು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸಿಹಿಯಾಗಿರುತ್ತದೆ. ಆದರೆ ಪದವಿ ಬೇಕೆಂದರೆ ನಾಲ್ಕು ವರ್ಷದ ಕಾಲೇಜಿನ ಖರ್ಚು ಬೇಕು. ಗ್ಯಾರೆಟ್ ತೆರೆದ ಬಾಗಿಲು ಉಳ್ಳವರ ಮನೆಯ ಹೆಣ್ಣುಮಕ್ಕಳಿಗೆ ಅಗಲವಾಗಿತ್ತು, ಬಡವರ ಮಕ್ಕಳಿಗೆ ಗಂಡಾಗಲಿ ಹೆಣ್ಣಾಗಲಿ ಕಿರಿದಾಯಿತು. 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ, ಕೆನಡಾಗಳ 155 ವೈದ್ಯಶಾಲೆಗಳನ್ನು ನೋಡಿ ವರದಿ ಬರೆದ. ಆತ ವೈದ್ಯನಲ್ಲ, ಶಾಲಾ ಮೇಷ್ಟ್ರಾಗಿದ್ದವನು. ಓದಿದ್ದು ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲೇ. ಅವನ ಅಳತೆಗೋಲೂ ಹಾಪ್‌ಕಿನ್ಸ್ ಶಾಲೆಯೇ. ಕಳಪೆ ಶಾಲೆಗಳು ಸಾಲಾಗಿ ಮುಚ್ಚಿದವು. ಅದರಿಂದ ರೋಗಿಗಳಿಗೆ ಒಳ್ಳೆಯದಾಯಿತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕರಿಯ ಜನಾಂಗದ ವಿದ್ಯಾರ್ಥಿಗಳಿಗೆಂದು ಆಗ ಇದ್ದ ಏಳು ವೈದ್ಯಶಾಲೆಗಳಲ್ಲಿ ಹೊವಾರ್ಡ್, ಮೆಹಾರಿ ಎರಡನ್ನು ಮಾತ್ರ ಉಳಿಸಿಕೊಳ್ಳಬಹುದೆಂದು ಅವನು ಬರೆದ. 1923ರ ಹೊತ್ತಿಗೆ ಉಳಿದ ಐದೂ ಇರಲಿಲ್ಲ. ಆ ಐದು ಊರುಗಳ ಹುಡುಗರನ್ನು ಸೇರಿಸಿಕೊಳ್ಳಲು ಹಾಪ್‌ಕಿನ್ಸ್ ವೈದ್ಯಶಾಲೆಯೂ ಆಗ ಸಿದ್ಧವಿರಲಿಲ್ಲ.