ಕೆರಿಬಿಯನ್ ದ್ವೀಪಗಳ ಊಟದಂಗಡಿಗಳು

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮ ಬಾಲಕರಿಗೆ ನೆನಪಾಗುವುದು ಕ್ರಿಕೆಟ್. ರಾಮಧೀನ್, ಕನ್ಹಾಯ್, ಕಾಳೀಚರಣ್, ಚಂದ್ರಪಾಲ್ ಎಂಬ ಹೆಸರುಗಳನ್ನು ಕೇಳಿದ ಹುಡುಗರು, ಇವರು ನಮ್ಮ ದೇಶದವರಂತೆ ತೋರುತ್ತಾರಲ್ಲ, ಅಷ್ಟು ದೂರದ ದ್ವೀಪಗಳಿಗೆ ಹೇಗೆ ಹೋದರು ಎಂದು ತರಗತಿಯಲ್ಲಿ ಪ್ರಶ್ನಿಸುವುದುಂಟು. ಇದರ ಉತ್ತರವನ್ನು ಭೂಪಟದಲ್ಲಿ ತೋರಿಸಬಹುದು. ಇಸವಿಗಳ ಪಟ್ಟಿಯಲ್ಲಿಯೂ ತೋರಿಸಬಹುದು. ಆದರೆ ಆ ದ್ವೀಪಗಳ ಸಾಮಾನ್ಯ ಊಟದಂಗಡಿಯಲ್ಲಿ ಬಡಿಸಿದ ತಟ್ಟೆಯೊಂದರಲ್ಲಿ ತೋರಿಸುವುದು ಇನ್ನೂ ಸುಲಭವೆಂದು ನಮ್ಮ ಭಾವನೆ.

ವಿರಾಮಕಾಲವನ್ನು ಕಳೆಯಲೆಂದು ಅಮೆರಿಕ, ಕೆನಡಾ, ಯುರೋಪುಗಳಿಂದ ಪ್ರತಿವರ್ಷವೂ ಲಕ್ಷಗಟ್ಟಲೆ ಜನ ಈ ದ್ವೀಪಗಳಿಗೆ ಬರುತ್ತಾರೆ. ವಸತಿ, ಊಟ, ಪಾನೀಯಗಳಿಗೆಲ್ಲ ಮುಂಗಡವಾಗಿಯೇ ಹಣ ತೆತ್ತು, ಕಡಲತಡಿಯ ದೊಡ್ಡ ಹೋಟೆಲಿನ ಆವರಣದಲ್ಲಿಯೇ ದಿನಗಳನ್ನು ಕಳೆದು ಹಿಂದಿರುಗುವ ಪದ್ಧತಿ 1970ರ ದಶಕದಿಂದೀಚೆಗೆ ಅಲ್ಲಿ ಬಲವಾಗಿ ಬೇರೂರಿದೆ. ಇಂಥ ಹೋಟೆಲುಗಳ ಮೇಜಿಗೆ ಬರುವ ಎಷ್ಟೋ ಪದಾರ್ಥಗಳು ಹೊರದೇಶಗಳಿಂದ ತರಿಸಿದವು. ಆವರಣದ ಬಾಗಿಲನ್ನು ದಾಟಿ ಊರೊಳಕ್ಕೆ ನಡೆದ ಪ್ರವಾಸಿಗೆ ಮಾತ್ರ ಬೇರೊಂದು ಲೋಕವೇ ಎದುರಾಗುತ್ತದೆ. ಟ್ರಿನಿಡಾಡಿನ ರೊಟ್ಟಿ ಅಂಗಡಿ, ಜಮೈಕಾದ ಕುಕ್‌ಷಾಪ್ ಎಂಬ ಸಣ್ಣ ಖಾನಾವಳಿ, ಬಾರ್ಬಡಾಸಿನ ಆಯ್‌ಸ್ಟಿನ್ಸ್ ಎಂಬ ಬೆಸ್ತರ ಊರಿನಲ್ಲಿ ಶುಕ್ರವಾರ ಸಂಜೆ ಹೊತ್ತಿಕೊಳ್ಳುವ ಮೀನಿನ ಒಲೆಗಳು, ಇವೆಲ್ಲ ಅಲ್ಲಿಯ ಜನ ತಾವೇ ಉಣ್ಣುವ ಸ್ಥಳಗಳು. ಅಲ್ಲಿಯ ಒಂದೊಂದು ತಿನಿಸಿಗೂ ಒಂದೊಂದು ಇಸವಿಯಿದೆ.

ಮೊದಲಿನದು 1492. ಹಿಂದೂಸ್ಥಾನಕ್ಕೆ ದಾರಿಯನ್ನು ಹುಡುಕುತ್ತ ಹೊರಟ ಕೊಲಂಬಸನು ಈ ದ್ವೀಪಗಳನ್ನು ಮುಟ್ಟಿ, ಇದೇ ಇಂಡಿಯಾ ಎಂದು ಬಗೆದನು. ಅಲ್ಲಿದ್ದ ಟಾಯ್ನೊ ಜನರು ರೋಗರುಜಿನಗಳಿಗೂ ದುಡಿಮೆಯ ಹಿಂಸೆಗೂ ಸಿಕ್ಕಿ ಕೆಲವೇ ದಶಕಗಳಲ್ಲಿ ಬಹುಮಟ್ಟಿಗೆ ನಾಶವಾದರು. ಆದರೆ ಅವರ ಆಹಾರ ನಾಶವಾಗಲಿಲ್ಲ. ವಿಷವುಳ್ಳ ಕಹಿ ಮರಗೆಣಸನ್ನು ತುರಿದು, ಹಿಂಡಿ, ಹಿಟ್ಟು ಮಾಡಿ ರೊಟ್ಟಿ ಸುಡುವ ವಿದ್ಯೆ ಆ ಪ್ರದೇಶದ ಮೂಲನಿವಾಸಿಗಳದು. ಹಿಂಡಿದ ಆ ರಸವನ್ನೇ ಚೆನ್ನಾಗಿ ಕುದಿಸಿ ಗಟ್ಟಿಮಾಡಿದ ಕಸರೀಪ್ ಎಂಬ ಕಪ್ಪು ಪಾಕವಿಲ್ಲದೆ ಗಯಾನಾದಲ್ಲಿ ಕ್ರಿಸ್‌ಮಸ್ ಹಬ್ಬದ ಮಾಂಸದ ಸಾರು ಆಗದು. ಕೆಂಡದ ಮೇಲೆ ಮಾಂಸವನ್ನು ಬೇಯಿಸುವುದಕ್ಕೆ ಜಗತ್ತೆಲ್ಲ ಹೇಳುವ ಬಾರ್ಬೆಕ್ಯೂ ಎಂಬ ಮಾತು ಟಾಯ್ನೊ ಭಾಷೆಯದು. ಕೇರಳದ ಮನೆಮನೆಯ ಮರಗೆಣಸೂ ನಮ್ಮೆಲ್ಲರ ಅಡಿಗೆಯ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದವೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಎರಡನೆಯ ಅಧ್ಯಾಯ ಸಕ್ಕರೆಯದು. 1640ರ ದಶಕದಲ್ಲಿ ಬಾರ್ಬಡಾಸಿನಲ್ಲಿ ಕಬ್ಬಿನ ತೋಟಗಳು ಹಬ್ಬಿದವು. ಬಳಿಕ ಉಳಿದ ದ್ವೀಪಗಳಲ್ಲಿಯೂ ಹಬ್ಬಿದವು. ಅವುಗಳಲ್ಲಿ ದುಡಿಯಲು ಆಫ್ರಿಕದಿಂದ ಲಕ್ಷಾಂತರ ಜನರನ್ನು ಸಂಕೋಲೆ ತೊಡಿಸಿ ತಂದರು. ಒಳ್ಳೆಯ ನೆಲವೆಲ್ಲ ಕಬ್ಬಿಗೆ ಮೀಸಲಾದುದರಿಂದ ಗುಲಾಮರ ಹೊಟ್ಟೆಗೆ ಉತ್ತರ ಅಮೆರಿಕದ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಬಂದಿತು. ಯುರೋಪಿನ ಪೇಟೆಗಳಲ್ಲಿ ಮಾರಾಟವಾಗದ ಕೀಳು ದರ್ಜೆಯ ಮೀನನ್ನು ಈ ದ್ವೀಪಗಳಿಗೆಂದೇ ಬೇರ್ಪಡಿಸುತ್ತಿದ್ದರು. ಇಂದು ಜಮೈಕಾದ ರಾಷ್ಟ್ರೀಯ ಭಕ್ಷ್ಯವೆನಿಸಿದ ಅಕಿ ಮತ್ತು ಉಪ್ಪುಮೀನಿನಲ್ಲಿ ಅರ್ಧಭಾಗ ಆ ಕೀಳು ಮೀನಿನ ಸಂತತಿ. ಮಿಕ್ಕ ಅರ್ಧವಾದ ಅಕಿ ಎಂಬುದು ಪಶ್ಚಿಮ ಆಫ್ರಿಕದ ಹಣ್ಣು. ಅದು ಮರದಲ್ಲಿಯೇ ತಾನಾಗಿ ಬಾಯಿಬಿಡುವ ತನಕ ವಿಷ. ಬಿಟ್ಟ ಮೇಲೆ ಅದರ ಹಳದಿ ತಿರುಳು ಅಮೃತಸಮಾನ. ಈ ಜ್ಞಾನವನ್ನು ಯಾವ ಯಜಮಾನನೂ ಕಲಿಸಿಕೊಟ್ಟದ್ದಲ್ಲ. ಅದು ಆಫ್ರಿಕದವರು ತಮ್ಮ ನೆನಪಿನಲ್ಲಿ ಕಾದುಕೊಂಡು ಬಂದದ್ದು.

ನಮ್ಮ ಓದುಗರಿಗೆ ಪರಿಚಿತವಾದ ಒಂದು ಕಾಯಿಯ ಕಥೆಯನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕು. ನಾವು ದೀವಿಹಲಸು ಎನ್ನುವ, ಕಾಸರಗೋಡಿನ ಕಡೆ ಜೀಗುಜ್ಜೆ ಎಂದು ಹೆಸರಾದ ಕಾಯಿ ಅದು. ಅಮೆರಿಕದ ಸ್ವಾತಂತ್ರ್ಯಸಮರದಿಂದ ದ್ವೀಪಗಳಿಗೆ ಧಾನ್ಯದ ಹಡಗುಗಳು ನಿಂತುಹೋದವು; 1780ರ ದಶಕದಲ್ಲಿ ಮೇಲಿಂದ ಮೇಲೆ ಚಂಡಮಾರುತಗಳೂ ಬೀಸಿದವು. ಜಮೈಕಾದಲ್ಲಿ ಸಾವಿರಾರು ಗುಲಾಮರು ಹಸಿವಿನಿಂದ ಸತ್ತರು. ಅಗ್ಗದಲ್ಲಿ ಹೊಟ್ಟೆ ತುಂಬಿಸುವ ಮರವೊಂದು ತೋಟಗಾರರಿಗೆ ಬೇಕಾಯಿತು. ತಾಹಿತಿ ದ್ವೀಪದಿಂದ ದೀವಿಹಲಸಿನ ಸಸಿಗಳನ್ನು ತರಲು ಬ್ಲೈ ಎಂಬ ಕಪ್ತಾನನನ್ನು 1787ರಲ್ಲಿ ಬೌಂಟಿ ಎಂಬ ಹಡಗಿನಲ್ಲಿ ಕಳುಹಿಸಿದರು. 1789ರ ಏಪ್ರಿಲಿನಲ್ಲಿ ನಾವಿಕರು ದಂಗೆಯೆದ್ದು ಕಪ್ತಾನನನ್ನು ಸಣ್ಣ ದೋಣಿಗೆ ಇಳಿಸಿದರು. ಸಸಿಗಳನ್ನು ಸಮುದ್ರಕ್ಕೆ ಎಸೆದರು. ಆದರೂ ಬ್ಲೈ ಬದುಕಿ ಬಂದು, ಎರಡನೆಯ ಬಾರಿ ಹೊರಟು, 1793ರಲ್ಲಿ ಸೇಂಟ್ ವಿನ್ಸೆಂಟಿಗೂ ಜಮೈಕಾಕ್ಕೂ ಸಸಿಗಳನ್ನು ಮುಟ್ಟಿಸಿದನು. ವಿಶೇಷವೇನೆಂದರೆ, ಯಾರಿಗಾಗಿ ಅದನ್ನು ತಂದರೋ ಅವರು ಮೊದಮೊದಲು ಅದನ್ನು ಇಷ್ಟಪಡಲಿಲ್ಲ. ಬಲವಂತದ ಆಹಾರ ಇಷ್ಟದ ಆಹಾರವಾಗಲು ತಲೆಮಾರುಗಳು ಬೇಕಾದವು. ಇಂದು ಕೆಂಡದಲ್ಲಿ ಸುಟ್ಟ ದೀವಿಹಲಸು ಮತ್ತು ಕರಿದ ಮೀನು ಸೇಂಟ್ ವಿನ್ಸೆಂಟಿನ ರಾಷ್ಟ್ರೀಯ ಊಟ.

ಜಮೈಕಾದ ಯಜಮಾನರು ಖರ್ಚನ್ನು ಉಳಿಸಲೆಂದು ಕಬ್ಬು ಬೆಳೆಯದ ಗುಡ್ಡದ ಇಳಿಜಾರುಗಳನ್ನು ಗುಲಾಮರಿಗೆ ಬಿಟ್ಟಿದ್ದರು. ಅಲ್ಲಿ ಗೆಣಸು, ಬಾಳೆ, ಬೆಂಡೆ, ತೊಗರಿ ಬೆಳೆದು, ಮಿಕ್ಕದ್ದನ್ನು ಹೆಂಗಸರು ಭಾನುವಾರದ ಸಂತೆಗೆ ಹೊತ್ತು ತಂದು ಮಾರುತ್ತಿದ್ದರು. ಇಂದಿನ ಊಟದಂಗಡಿಗಳ ಬೇರು ಆ ಸಂತೆಯಲ್ಲಿದೆಯೆಂದರೆ ತಪ್ಪಾಗದು. ತೊಗರಿ ನಮ್ಮ ನಾಡಿನ ಬೀಜ. ಅದು ಆಫ್ರಿಕಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗಿನಲ್ಲಿ ದ್ವೀಪಗಳನ್ನು ಸೇರಿತು. ಜಮೈಕಾದಲ್ಲಿ ಅದಕ್ಕೆ ಗುಂಗೋ ಎಂದು ಹೆಸರು. ಬಾರ್ಬಡಾಸಿನ ಕೂಕೂ ಎಂಬುದು ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆ ಸೇರಿಸಿ ಕೋಲಿನಿಂದ ತೊಳಸಿದ ಮುದ್ದೆ. ಟ್ರಿನಿಡಾಡಿನ ಕಲಾಲೂ ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಇನ್ನು ತೋಟಗಳಿಂದ ಓಡಿಹೋಗಿ ಬೆಟ್ಟಗಳಲ್ಲಿ ನೆಲೆಸಿ, 1739ರಲ್ಲಿ ಆಂಗ್ಲರಿಂದಲೇ ಒಪ್ಪಂದವನ್ನು ಪಡೆದ ಮರೂನ್ ವೀರರು, ಪಿಮೆಂಟೊ ಎಂಬ ಮಸಾಲೆಮರದ ಸೌದೆಯಲ್ಲಿ ಕಾಡುಹಂದಿಯನ್ನು ಬೇಯಿಸಿದ ಕ್ರಮವೇ ಇಂದು ಪ್ರವಾಸಿಗಳು ಹುಡುಕಿಕೊಂಡು ಹೋಗುವ ಜರ್ಕ್.

1838ರ ಆಗಸ್ಟ್ 1ರಂದು ಬ್ರಿಟಿಷರ ವಸಾಹತುಗಳಲ್ಲಿ ಗುಲಾಮರು ಪೂರ್ಣವಾಗಿ ಬಿಡುಗಡೆ ಹೊಂದಿದರು. ತೋಟಗಾರರು ಹೊಸ ಕೂಲಿಗಳಿಗಾಗಿ ಹಿಂದೂಸ್ಥಾನದ ಕಡೆ ತಿರುಗಿದರು. 1838ರ ಮೇ ತಿಂಗಳಿನಲ್ಲಿಯೇ ಗಯಾನಾಕ್ಕೂ 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗಿನಲ್ಲಿ ಟ್ರಿನಿಡಾಡಿಗೂ ನಮ್ಮವರು ಬಂದಿಳಿದರು. 1917ರಲ್ಲಿ ಈ ಪದ್ಧತಿ ನಿಲ್ಲುವ ತನಕ ಟ್ರಿನಿಡಾಡ್ ಒಂದಕ್ಕೇ ಸುಮಾರು 1,43,000 ಜನ ಹೋದರು. ಬಹುಪಾಲು ಜನ ಗಂಗಾಬಯಲಿನ ಭೋಜಪುರಿ ಸೀಮೆಯವರು; ಮದರಾಸಿನ ಬಂದರದಿಂದ ಹೋದ ತಮಿಳರೂ ತೆಲುಗರೂ ಉಂಟು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟೊತ್ತಿದವರಲ್ಲಿ ಬಹುಮಂದಿ ಅಲ್ಲಿಯೇ ನೆಲೆನಿಂತರು.

ಅವರ ಅಡಿಗೆ ಹೊಸ ನೆಲಕ್ಕೆ ಒಗ್ಗಿದ ಬಗೆ ಸೋಜಿಗದ್ದು. ದಾಲ್‌ಪುರಿ ಎಂಬುದು ನಮ್ಮ ಹೋಳಿಗೆಯಂತೆ ಹೂರಣ ತುಂಬಿ ಲಟ್ಟಿಸಿದ್ದು, ಸಿಹಿ ಮಾತ್ರ ಇಲ್ಲ. ಕಡಲೆಬೇಳೆಯ ಬದಲು ಅಲ್ಲಿ ಬಟಾಣಿಬೇಳೆಯ ಹೂರಣ ಬಂದಿತು. ಕೊತ್ತಂಬರಿಯ ಬದಲು ಆ ನೆಲದ ಉದ್ದನೆಯ ಎಲೆಯ ಸೊಪ್ಪೊಂದನ್ನು ಹಾಕಿ ಬನ್‌ಧನಿಯಾ, ಅಂದರೆ ಕಾಡುಕೊತ್ತಂಬರಿ, ಎಂದು ಹೆಸರಿಟ್ಟರು. ಕಾವಲಿಯ ಮೇಲೆ ಬಡಿದು ಚಿಂದಿ ಮಾಡಿದ ಪರಾಠಕ್ಕೆ ಬಸ್ಸಪ್‌ಷಟ್, ಹರಿದ ಅಂಗಿ, ಎಂದು ಬೀದಿಯೇ ನಾಮಕರಣ ಮಾಡಿತು. 1930ರ ದಶಕದಲ್ಲಿ ಪ್ರಿನ್ಸೆಸ್ ಟೌನ್ ಎಂಬ ಊರಿನ ದೀನ್ ಮನೆತನದವರು ಮೊದಲು ಮಾಡಿ ಮಾರಿದರೆಂದು ಹೇಳಲಾಗುವ ಡಬಲ್ಸ್, ಅಂದರೆ ಎರಡು ಮೆತ್ತನೆಯ ಬರಾಗಳ ನಡುವೆ ಕಡಲೆಕಾಳಿನ ಪಲ್ಯ, ಇಂದು ಎಲ್ಲ ಜಾತಿಮತಗಳವರೂ ಮುಂಜಾನೆ ಬೀದಿಯಲ್ಲಿ ನಿಂತು ತಿನ್ನುವ ತಿಂಡಿ. ಕೂಲಿಯವರ ತಿನಿಸೆಂದು ಒಮ್ಮೆ ಹೀಗಳೆಯಲ್ಪಟ್ಟದ್ದು ದೇಶದ ತಿನಿಸಾಯಿತು.

ಇಲ್ಲಿ ಅಧ್ಯಾಪಕರಾದ ನಾವು ತುಸು ನಿಂತು ಯೋಚಿಸಬೇಕು. ರುಚಿ ಉಳಿಯಿತು, ಮಾತು ಉಳಿಯಿತೇ? ಟ್ರಿನಿಡಾಡಿನಲ್ಲಿ 1868ರಿಂದ ಕೆನಡಾದ ಮಿಷನರಿಗಳು ಭಾರತೀಯ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಆರಂಭದಲ್ಲಿ ಅಲ್ಲಿ ಹಿಂದಿಗೂ ಎಡೆಯಿತ್ತು. ಆದರೆ ಕಛೇರಿಯೂ ನೌಕರಿಯೂ ಇಂಗ್ಲೀಷಿನವು. ತಾಯಿತಂದೆಗಳು ಮಕ್ಕಳೊಡನೆ ಇಂಗ್ಲೀಷಿನಲ್ಲಿಯೇ ಮಾತನಾಡತೊಡಗಿದರು. ಇಂದು ಅಲ್ಲಿ ಭೋಜಪುರಿಯನ್ನು ಸರಾಗವಾಗಿ ಆಡುವವರು ಕೆಲವೇ ಮಂದಿ ವೃದ್ಧರು. ಬೈಗನ್, ಆಲೂ, ಭಾಜಿ, ಚೋಖಾ, ತವಾ ಎಂಬ ನಾಮಪದಗಳು ಮಾತ್ರ ಇಂಗ್ಲೀಷ್ ವಾಕ್ಯಗಳಲ್ಲಿ ತೇಲುತ್ತಿವೆ. ಅವುಗಳನ್ನು ಕೂಡಿಸುವ ಕ್ರಿಯಾಪದ ಕಾಣೆಯಾಗಿದೆ.

ಡಚ್ಚರ ಅಧೀನದಲ್ಲಿದ್ದ ಸುರಿನಾಮಿನ ಕಥೆ ಬೇರೆ. ಅಲ್ಲಿಗೆ ಮೊದಲ ಹಡಗು ಬಂದದ್ದು 1873ರ ಜೂನ್ 5ರಂದು. ಜನ ಅದೇ ಗಂಗಾಬಯಲಿನವರು, ಬೆಳೆ ಅದೇ ಕಬ್ಬು, ಅಂಗಡಿಯಲ್ಲಿ ಅದೇ ರೊಟ್ಟಿ. ಆದರೆ ಅಲ್ಲಿಯ ಹಿಂದೂಸ್ಥಾನಿಗಳ ಸರ್ನಾಮಿ ಎಂಬ ನುಡಿ ಇಂದಿಗೂ ಮನೆಗಳಲ್ಲಿ ಜೀವಂತವಾಗಿದೆ. ಎರಡು ಕಡೆಯೂ ಊಟ ಒಂದೇ ಆಗಿದ್ದಮೇಲೆ ಈ ಭೇದ ಊಟದಿಂದ ಬಂದುದಲ್ಲವೆಂಬುದು ಸ್ಪಷ್ಟ. ಅಡಿಗೆಯನ್ನು ಗಿರಾಕಿಗಳೂ ಕಾಪಾಡುತ್ತಾರೆ, ಪ್ರವಾಸಿಗಳೂ ಕಾಪಾಡುತ್ತಾರೆ. ನುಡಿಯನ್ನಾದರೋ ಮಗುವಿನೊಡನೆ ಆಡಿದವರು ಮಾತ್ರವೇ ಕಾಪಾಡಬಲ್ಲರು.

ಸೀಮೆಯಾಚೆಯ ಕನ್ನಡ ಶಾಲೆಗಳ ನಮಗೆ ಈ ದ್ವೀಪಗಳು ಕಲಿಸುವ ಪಾಠ ಇದು. ನಮ್ಮ ಮನೆಗಳಲ್ಲಿ ಹೋಳಿಗೆ, ಪತ್ರೊಡೆ, ಜೋಳದ ರೊಟ್ಟಿ ಇರುವ ತನಕ ಕನ್ನಡಕ್ಕೆ ಭಯವಿಲ್ಲವೆಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಅಧ್ಯಾಪಕ ಬಂಧುಗಳು ಮುಂದಿನ ವಾರದ ಪ್ರಬಂಧಕ್ಕೆ ಮಕ್ಕಳಿಂದ ಮನೆಯ ಒಂದು ತಿನಿಸಿನ ಹೆಸರನ್ನು ಬರೆಯಿಸಲಿ. ಅದರ ಕೆಳಗೆ, ಅದನ್ನು ಮಾಡುವ ಬಗೆಯನ್ನು ಅಜ್ಜಿಯಿಂದ ಕೇಳಿ ತಿಳಿದು ಹತ್ತು ಪೂರ್ಣ ವಾಕ್ಯಗಳಲ್ಲಿ ಬರೆಯಿಸಲಿ. ಹೆಸರು ತಾನಾಗಿಯೇ ಉಳಿದೀತು. ಆ ಹತ್ತು ವಾಕ್ಯಗಳನ್ನು ಉಳಿಸುವ ಹೊಣೆ ನಮ್ಮದು.