ಅಕ್ಕ ಪೊಲೀಸು, ತಮ್ಮ ಕೊಲೆಗಾರ: ‘ಅಂಧಾ ಕಾನೂನ್’ ಬಂದ ದಾರಿ

ಹಿಂದಿಯ ಸೇಡಿನ ಸಿನಿಮಾಗಳ ಇತಿಹಾಸವನ್ನು ಎಲ್ಲರೂ 1973ರ ‘ಜಂಜೀರ್’ನಿಂದ ಶುರುಮಾಡುತ್ತಾರೆ. ಸಲೀಂ–ಜಾವೇದ್ ಬರೆದರು, ಅಮಿತಾಭ್ ಸಿಟ್ಟಾದರು, ದಕ್ಷಿಣದವರು ರೀಮೇಕ್ ಮಾಡಿಕೊಂಡರು. ಅಷ್ಟು ಸಲೀಸಲ್ಲ ಎನ್ನಲು 1983ರ ‘ಅಂಧಾ ಕಾನೂನ್’ ಒಂದೇ ಸಾಕು.

ಈ ಕತೆ ಹೊರಟಿದ್ದು ಮದ್ರಾಸಿನಿಂದ. 1981ರಲ್ಲಿ ಎಸ್.ಎ. ಚಂದ್ರಶೇಖರ್ ತಮಿಳಿನಲ್ಲಿ ವಿಜಯಕಾಂತ್ ಅವರನ್ನು ಹಾಕಿಕೊಂಡು ‘ಸಟ್ಟಂ ಒರು ಇರುಟ್ಟರೈ’ ಮಾಡಿದರು. ಅಂದರೆ ಕಾನೂನು ಒಂದು ಕತ್ತಲಕೋಣೆ. ಅದೇ ವರ್ಷ ತೆಲುಗಿನಲ್ಲಿ ಚಿರಂಜೀವಿಯ ‘ಚಟ್ಟಾನಿಕಿ ಕಳ್ಳು ಲೇವು’ ಬಂತು. (ತೆಲುಗಿನ ಕಳ್ಳು ನಮ್ಮ ಕಳ್ಳಲ್ಲ, ಕಣ್ಣು.) 1982ರಲ್ಲಿ ಕನ್ನಡಕ್ಕೆ ಬಂದಾಗ ನಾಯಕ ಶಂಕರ್ ನಾಗ್, ಹೆಸರು ‘ನ್ಯಾಯ ಎಲ್ಲಿದೆ’. ಹಿಂದಿಯ ಸರದಿ ಇದಾದ ಮೇಲೆ. ನಿರ್ದೇಶಕ ಟಿ. ರಾಮರಾವ್. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದು, ಮದ್ರಾಸಿಗೆ ಹೋಗಿ ಸ್ಟಾರ್ ಆದ ರಜನಿಕಾಂತ್ ಹಿಂದಿಗೆ ಕಾಲಿಟ್ಟದ್ದು ಈ ಚಿತ್ರದಿಂದಲೇ.

ಭಾಷೆ ಬದಲಾದರೂ ಬದಲಾಗದೆ ಉಳಿದದ್ದು ಮನೆಯೊಳಗಿನ ಜಗಳ. ಮನೆಯವರನ್ನು ಕೊಂದವರು ಶಿಕ್ಷೆಯಿಲ್ಲದೆ ತಿರುಗಾಡುತ್ತಿದ್ದಾರೆ. ತಮ್ಮ ಅವರನ್ನು ಒಬ್ಬೊಬ್ಬರನ್ನಾಗಿ ಮುಗಿಸಲು ಹೊರಡುತ್ತಾನೆ, ಅದೂ ಕಾನೂನಿನ ಸಂದುಗಳಲ್ಲೇ ನುಸುಳಿ. ಹೇಮಮಾಲಿನಿ ಮಾಡಿದ ಅಕ್ಕನೋ ಪೊಲೀಸ್ ಅಧಿಕಾರಿ. ಅವಳ ನೋವೂ ಅದೇ, ಆದರೆ ಕಾನೂನಿನಿಂದಲೇ ಆಗಬೇಕೆನ್ನುವವಳು. ನಮಗೆ ಹೊಡೆದಾಟಗಳಿಗಿಂತ ಇವರಿಬ್ಬರ ಮಾತುಕತೆಯೇ ಹೆಚ್ಚು ಮುಖ್ಯ. ಆದರೂ ಸಿನಿಮಾ ಅಕ್ಕನಿಗೆ ಮೋಸ ಮಾಡಿದೆ ಎನ್ನಲೇಬೇಕು. ವಾದ ಅವಳದು, ಚಪ್ಪಾಳೆ ಅವನದು.

ಆ ಚಪ್ಪಾಳೆ ಎಲ್ಲಿಂದ ಬಂತು ಎಂದು ತಿಳಿಯಲು ಅದೇ ಕಾಲದ ಬಿಹಾರವನ್ನು ನೋಡಬೇಕು. ಶಿಕ್ಷೆಯಾದರೂ ಇಷ್ಟು ವರ್ಷ ಆಗುತ್ತಿರಲಿಲ್ಲ ಎನ್ನುವಷ್ಟು ಕಾಲ ವಿಚಾರಣೆಯೇ ಇಲ್ಲದೆ ಅಲ್ಲಿನ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಸಂಗತಿ ಪತ್ರಿಕೆಯಲ್ಲಿ ಬಂತು. ಅದನ್ನೇ ಹಿಡಿದು ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. 1979ರ ಹುಸ್ಸೇನಾರಾ ಖಾತೂನ್ ಪ್ರಕರಣ ಇದು. ಕಾನೂನು ಕುರುಡು ಎಂಬ ಮಾತು ಬರೀ ಡೈಲಾಗ್ ಆಗಿರಲಿಲ್ಲ.

ಮರುವರ್ಷ, 1980ರ ನವೆಂಬರಿನಲ್ಲಿ, ಭಾಗಲ್ಪುರದ ಸುದ್ದಿ ಹೊರಬಿತ್ತು. ಪೊಲೀಸರು 30ಕ್ಕೂ ಹೆಚ್ಚು ಆರೋಪಿಗಳ ಕಣ್ಣಿಗೆ ಚುಚ್ಚಿ ಆಸಿಡ್ ಸುರಿದಿದ್ದರು. ಆ ಆಸಿಡ್ಡಿಗೆ ಅವರಿಟ್ಟ ಹೆಸರು ಗಂಗಾಜಲ. ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಅರುಣ್ ಸಿನ್ಹಾ ಬರೆದ ವರದಿ ದೇಶವನ್ನೇ ಅಲ್ಲಾಡಿಸಿತು. ಊರಿನ ಜನ ಮಾತ್ರ ಬೀದಿಗಿಳಿದದ್ದು ಪೊಲೀಸರ ಪರವಾಗಿ. ಕೋರ್ಟಿಗೆ ಅಲೆದು ಅಲೆದು ಸುಸ್ತಾದವರಿಗೆ ತಕ್ಷಣದ ಶಿಕ್ಷೆ ನ್ಯಾಯದಂತೆ ಕಂಡಿತು.

ಮೂರು ವರ್ಷದೊಳಗೆ ಅದೇ ಹಿಂದಿ ಸೀಮೆಯ ಟಾಕೀಸುಗಳಿಗೆ ‘ಅಂಧಾ ಕಾನೂನ್’ ಬಂತು. ಅದರಲ್ಲಿ ಅತಿಥಿ ಪಾತ್ರದ ಅಮಿತಾಭ್ ಮಾಡದ ಕೊಲೆಗೆ ಜೈಲು ಸೇರಿ ಬಂದವನು. ಸತ್ತನೆಂದ ಮನುಷ್ಯ ಬದುಕಿಯೇ ಇರುತ್ತಾನೆ. ಅವನನ್ನು ಕೊಂದು, ಶಿಕ್ಷೆ ಮೊದಲೇ ಮುಗಿಸಿದ್ದೇನಲ್ಲ ಎನ್ನುತ್ತಾನೆ. ಸಂವಿಧಾನದ 20(2)ನೇ ವಿಧಿ ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸಬಾರದು ಎನ್ನುತ್ತದೆ ನಿಜ, ಆದರೆ ಆಮೇಲೆ ಮಾಡಿದ ಕೊಲೆ ಬೇರೆಯದೇ ಅಪರಾಧ. ನಿಜವಾದ ಕೋರ್ಟಿನಲ್ಲಿ ಈ ವಾದ ಐದು ನಿಮಿಷವೂ ನಿಲ್ಲದು. ಟಾಕೀಸಿನಲ್ಲಿ ನಿಂತಿತು.

ಇಂಥ ಚಿತ್ರಗಳಲ್ಲಿ ಸೇಡಿನ ಗುರಿ ತಪ್ಪುವುದೇ ಇಲ್ಲ. ಕೊಂದವರು ಯಾರೆಂದು ನಿರ್ದೇಶಕ ನಮಗೆ ಮೊದಲೇ ತೋರಿಸಿರುತ್ತಾನೆ, ನಾವೇ ಸಾಕ್ಷಿ. ಭಾಗಲ್ಪುರದಲ್ಲಿ ಕಣ್ಣು ಹೋದವರು ವಿಚಾರಣಾಧೀನ ಕೈದಿಗಳು. ಅವರು ತಪ್ಪು ಮಾಡಿದ್ದರೋ ಇಲ್ಲವೋ ಎಂದು ಯಾವ ಕೋರ್ಟೂ ಇನ್ನೂ ಹೇಳಿರಲಿಲ್ಲ. ಅವರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು, ಅವನು ಕೇಳದಿದ್ದರೂ ಕೊಡಬೇಕು ಎಂದು ನ್ಯಾಯಪೀಠ ಹೇಳಿತು.