ನಿಂತು ದುಡಿಯುವವರ ಕಾಲಿನ ರೋಗ: ಕೊಕ್ಕೆಯಿಂದ ಸೂಜಿಯವರೆಗೆ

ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿ, ಬಸ್ಸಿನ ಕಂಡಕ್ಟರ್, ಹೋಟೆಲಿನ ಅಡುಗೆಯವ, ಶಾಲೆಯ ಮೇಷ್ಟ್ರು, ಆಸ್ಪತ್ರೆಯ ನರ್ಸು. ಇವರ ಕೆಲಸ ಬೇರೆ ಬೇರೆ. ಆದರೆ ರಾತ್ರಿ ಮನೆಗೆ ಬಂದು ಕಾಲು ಚಾಚಿ ಕುಳಿತಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಕಾಲು ಭಾರ, ಮೀನಖಂಡದಲ್ಲಿ ಸೆಳೆತ, ಪಾದದ ಗಂಟಿನ ಸುತ್ತ ಊತ. ಕೆಲವು ವರ್ಷ ಕಳೆದರೆ ಚರ್ಮದಡಿಯಲ್ಲಿ ನೀಲಿ ನಾಳಗಳು ಹಗ್ಗದಂತೆ ಸುರುಳಿ ಸುತ್ತಿಕೊಂಡು ಎದ್ದು ಕಾಣುತ್ತವೆ. ನಾವು ಇದನ್ನು 'ನರ ಉಬ್ಬಿದೆ' ಎನ್ನುತ್ತೇವೆ. ನಿಜದಲ್ಲಿ ಅದು ನರವಲ್ಲ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿ. ವೈದ್ಯರು ವೆರಿಕೋಸ್ ವೇನ್ ಎನ್ನುವುದು ಇದಕ್ಕೇ. ತೊಡೆಯಲ್ಲೋ ಕಾಲಲ್ಲೋ ಜೇಡರ ಬಲೆಯಂತೆ ಹರಡುವ ಕೆಂಪು, ನೀಲಿ ಗೆರೆಗಳು ಇದರ ಚಿಕ್ಕ ರೂಪ.

ಇದು ಯಾರಿಗೆ ಬರುತ್ತದೆ ಎಂಬುದು ಹಳಬರಿಗೂ ತಿಳಿದಿತ್ತು. ಸುಶ್ರುತ ಸಂಹಿತೆಯು ದುರ್ಬಲ ದೇಹದವರು ಅತಿಯಾಗಿ ದುಡಿದಾಗ ರಕ್ತನಾಳಗಳು ಸುರುಳಿಗಟ್ಟಿ ಗಂಟಾಗುವುದನ್ನು ಹೇಳುತ್ತದೆ. ಇಬ್ನ್ ಸೀನಾ ತನ್ನ 'ಅಲ್ ಕಾನೂನ್' ಗ್ರಂಥದಲ್ಲಿ ಕೊಡುವ ಪಟ್ಟಿಯಲ್ಲಿ ಓಲೆಕಾರರು, ಕಾಲ್ನಡಿಗೆಯವರು, ಹೊರೆ ಹೊರುವವರಿದ್ದಾರೆ. ಜೊತೆಗೆ ಅರಸರ ಮುಂದೆ ನಿಂತೇ ಇರಬೇಕಾದ ಊಳಿಗದವರೂ ಇದ್ದಾರೆ. ಸಿಂಹಾಸನದ ಮೇಲೆ ಕುಳಿತವನು ಆ ಪಟ್ಟಿಯಲ್ಲಿಲ್ಲ. ಅರಬಿಯಲ್ಲಿ ಈ ರೋಗದ ಹೆಸರು 'ದವಾಲಿ'. ದಾಲಿಯ ಎಂದರೆ ದ್ರಾಕ್ಷಿಬಳ್ಳಿ, ಅದರ ಬಹುವಚನ ದವಾಲಿ. ಕಾಲಿಗೆ ಬಳ್ಳಿ ಸುತ್ತಿಕೊಂಡಂತೆ ಕಾಣುವ ಈ ರೋಗಕ್ಕೆ ಅರಬ್ ನಾಡುಗಳ ವೈದ್ಯರು ಇಂದಿಗೂ ಅದೇ ಪದ ಬಳಸುತ್ತಾರೆ.

ಆದರೆ ಚಿಕಿತ್ಸೆ ಘೋರವಾಗಿತ್ತು. ರೋಮಿನ ಸೇನಾಪತಿ ಗಾಯಸ್ ಮಾರಿಯಸ್‌ನ ಎರಡೂ ಕಾಲುಗಳಲ್ಲಿ ಈ ರೋಗವಿತ್ತು. ತನ್ನನ್ನು ಕಟ್ಟಿಹಾಕಲು ಬಿಡದೆ, ಮುಖ ಕಿವಿಚದೆ ಆತ ಒಂದು ಕಾಲನ್ನು ಕೊಯ್ಯಿಸಿಕೊಂಡ. ಇನ್ನೊಂದು ಕಾಲನ್ನು ಮಾತ್ರ ಕೊಡಲೊಪ್ಪಲಿಲ್ಲ. ವಾಸಿಯಾಗುವ ಲಾಭಕ್ಕಿಂತ ನೋವೇ ಹೆಚ್ಚೆಂದು ಕಂಡಿತಂತೆ. ಇದನ್ನು ಬರೆದಿಟ್ಟವನು ಪ್ಲುಟಾರ್ಕ್.

ಸುಮಾರು ಸಾವಿರ ವರ್ಷಗಳ ಹಿಂದೆ ಅಂದಲುಸಿಯಾದ ಕೊರ್ಡೋವಾದಲ್ಲಿ ಬದುಕಿದ್ದ ಅಬುಲ್ ಕಾಸಿಮ್ ಝಹ್ರಾವಿ ತನ್ನ 'ಅತ್ತಸ್ರೀಫ್' ಗ್ರಂಥದ ಮೂವತ್ತನೆಯ, ಶಸ್ತ್ರಚಿಕಿತ್ಸೆಯ ಭಾಗದಲ್ಲಿ ದವಾಲಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಕಾಲಿನ ಕೂದಲು ಬೋಳಿಸಬೇಕು, ಬಿಸಿನೀರು ಹೊಯ್ದು ನಾಳ ಉಬ್ಬುವಂತೆ ಮಾಡಬೇಕು, ಚರ್ಮ ಸೀಳಿ ನಾಳವನ್ನು ಕೊಕ್ಕೆಯಿಂದ ಎತ್ತಿ ಬಿಡಿಸಿ ಹೊರಗೆಳೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಟೊಲೆಡೊದಲ್ಲಿ ಕ್ರೆಮೋನಾದ ಗೆರಾರ್ಡ್ ಈ ಭಾಗವನ್ನು ಲ್ಯಾಟಿನ್‌ಗೆ ಅನುವಾದಿಸಿದ. ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು. ಆದರೂ ಒಂದು ಮಾತು ಹೇಳಲೇಬೇಕು. ಝಹ್ರಾವಿಗೂ ಅವನ ಕಾಲದ ಇತರರಿಗೂ ರೋಗದ ಕಾರಣ ತಿಳಿದಿರಲಿಲ್ಲ. ಕಪ್ಪು ಪಿತ್ತ ಕಾಲಿಗಿಳಿದು ಹೀಗಾಗುತ್ತದೆಂದು ಅವರು ನಂಬಿದ್ದರು.

ಕಾರಣ ತಿಳಿಯತೊಡಗಿದ್ದು 1603ರಲ್ಲಿ, ಇಟಲಿಯ ಪಡುವಾದ ಫ್ಯಾಬ್ರಿಸಿಯಸ್ ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳ ಚಿತ್ರ ಬರೆದು ಪ್ರಕಟಿಸಿದ ಮೇಲೆ. ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವುದೇ ಆ ಕವಾಟಗಳ ಕೆಲಸವೆಂದು ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿಕೊಟ್ಟ. ಈ ಕವಾಟಗಳು ಸೋತರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗುತ್ತದೆ. ಅಂಥ ನಾಳ ಇದ್ದೂ ಇಲ್ಲದಂತೆ. ಅದನ್ನು ಮುಚ್ಚಿಬಿಟ್ಟರೆ ರಕ್ತ ಒಳಗಿನ ಒಳ್ಳೆಯ ನಾಳಗಳಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ಹಾಗಿದ್ದರೆ ಕೊಯ್ಯುವುದೇಕೆ, ಒಳಗಿನಿಂದಲೇ ಮುಚ್ಚಿದರಾಗದೇ?

ಅದಕ್ಕೆ ಬೇಕಾದ ಸಾಧನ ಸಿಕ್ಕಿದ್ದು 1853ರಲ್ಲಿ. ಫ್ರಾನ್ಸಿನ ಲಿಯೋನ್ ನಗರದ ಪ್ರವಾಝ್ ಬೆಳ್ಳಿಯ ಸಿರಿಂಜ್ ಮಾಡಿಸಿ ಪ್ರಾಣಿಗಳ ರಕ್ತನಾಳಕ್ಕೆ ಕಬ್ಬಿಣದ ಕ್ಲೋರೈಡ್ ಚುಚ್ಚಿ ರಕ್ತ ಹೆಪ್ಪುಗಟ್ಟಿಸಿದ. ಅವನು ಅದೇ ವರ್ಷ ತೀರಿಕೊಂಡ. ಇತರರು ಈ ಉಪಾಯವನ್ನು ಉಬ್ಬಿದ ನಾಳಗಳ ಮೇಲೆ ಪ್ರಯೋಗಿಸಿದರು. ಸೂಜಿಯನ್ನು ಕುದಿಸಬೇಕೆಂಬ ತಿಳಿವಳಿಕೆ ಆಗ ಇನ್ನೂ ಹರಡಿರಲಿಲ್ಲ. ಕೀವು, ಕೊಳೆತ ಚರ್ಮ, ಪುಪ್ಪುಸಕ್ಕೆ ಏರಿದ ಹೆಪ್ಪು, ಸಾವು. 1894ರಲ್ಲಿ ಅದೇ ಲಿಯೋನ್‌ನಲ್ಲಿ ಸೇರಿದ ವೈದ್ಯರ ಸಮ್ಮೇಳನ ಈ ಚಿಕಿತ್ಸೆಯನ್ನು ಖಂಡಿಸಿತು.

ಮತ್ತೆ ಜೀವ ಬಂದದ್ದು ಆಕಸ್ಮಿಕವಾಗಿ. ಮೊದಲ ಮಹಾಯುದ್ಧದ ಕಾಲದಲ್ಲಿ ಸಿಫಿಲಿಸ್ ರೋಗಿಗಳ ತೋಳಿಗೆ ಔಷಧ ಚುಚ್ಚುತ್ತಿದ್ದ ವೈದ್ಯರಿಗೆ ಚುಚ್ಚಿದ ನಾಳವೇ ಗಟ್ಟಿಯಾಗಿ ಮುಚ್ಚಿಹೋಗುವುದು ದೊಡ್ಡ ತೊಡಕಾಗಿತ್ತು. ಫ್ರಾನ್ಸಿನ ಸಿಕಾರ್ ಈ ತೊಡಕನ್ನೇ ಔಷಧವಾಗಿಸಿ, ಕಾಲಿನ ನಾಳಗಳಿಗೆ ಸೋಡಿಯಂ ಸ್ಯಾಲಿಸಿಲೇಟ್ ಚುಚ್ಚತೊಡಗಿದ. ಆಮೇಲೆ ಮೀನೆಣ್ಣೆಯಿಂದ ತೆಗೆದ ದ್ರಾವಣ ಬಂತು, ಅದು ಕೆಲವರಿಗೆ ಒಗ್ಗಲಿಲ್ಲ. 1946ರಲ್ಲಿ ಸಾಬೂನಿನ ಗುಣವಿರುವ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಬಂತು. ಇಂದು ಬಹಳ ಬಳಕೆಯಲ್ಲಿರುವ ಪೋಲಿಡೋಕನಾಲ್ ಮೊದಲು ತಯಾರಾದದ್ದು ಮರವುಗೊಳಿಸುವ ಮದ್ದಾಗಿ. ರಕ್ತನಾಳವನ್ನು ಕೆಡಿಸುವ ಅದರ ದೋಷವೇ 1960ರ ದಶಕದಿಂದ ಅದರ ಗುಣವಾಯಿತು. ಚುಚ್ಚಿದ ಮೇಲೆ ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿ ರೋಗಿಯನ್ನು ನಡೆಸಬೇಕೆಂಬ ಪದ್ಧತಿಯನ್ನು ಬೆಳೆಸಿದವರು ಡಬ್ಲಿನ್‌ನ ವೈದ್ಯ ಫೆಗನ್.

ದೊಡ್ಡ ನಾಳಗಳಲ್ಲಿ ದ್ರಾವಣ ರಕ್ತದೊಡನೆ ಬೆರೆತು ತೆಳುವಾಗುತ್ತಿತ್ತು. ಇದಕ್ಕೆ 1990ರ ದಶಕದಲ್ಲಿ ಸ್ಪೇನಿನ ಗ್ರನಾಡಾದ ವೈದ್ಯ ಹುವಾನ್ ಕಬ್ರೇರಾ ಉತ್ತರ ಕಂಡುಕೊಂಡರು: ಔಷಧವನ್ನು ಸಣ್ಣ ಗುಳ್ಳೆಗಳ ನೊರೆಯಾಗಿಸಿ ಚುಚ್ಚುವುದು. ನೊರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ನಾಳದ ಗೋಡೆಗೇ ತಾಗುತ್ತದೆ. ಎರಡು ಸಿರಿಂಜ್‌ಗಳ ನಡುವೆ ಔಷಧವನ್ನೂ ಗಾಳಿಯನ್ನೂ ಅತ್ತಿತ್ತ ತಳ್ಳಿ ನೊರೆ ಮಾಡುವ ಅಗ್ಗದ ವಿಧಾನವನ್ನು 2000ದಲ್ಲಿ ಇಟಲಿಯ ತೆಸ್ಸಾರಿ ತೋರಿಸಿದರು. ಕೊಕ್ಕೆಯ ಝಹ್ರಾವಿ, ನೊರೆಯ ಕಬ್ರೇರಾ ಇಬ್ಬರೂ ಅಂದಲುಸಿಯಾದವರು. ಓದುವಾಗ ನಮಗೆ ಸಂತೋಷವಾಯಿತು. ಆದರೆ ಚುಚ್ಚುಮದ್ದನ್ನೂ ಝಹ್ರಾವಿಯೇ ಕಂಡುಹಿಡಿದನೆಂದು ಎದೆಯುಬ್ಬಿಸುವ ಅಗತ್ಯವಿಲ್ಲ. ಅವನು ಮಾಡಿದ್ದೇ ಸಾಕಷ್ಟಿದೆ.

ಈ ಚಿಕಿತ್ಸೆಯಲ್ಲಿ ಅಪಾಯವೇ ಇಲ್ಲವೆಂದಲ್ಲ. ಚರ್ಮದಲ್ಲಿ ಕಂದು ಕಲೆ ಉಳಿಯಬಹುದು, ಅಪರೂಪಕ್ಕೆ ಆಳದ ನಾಳದಲ್ಲಿ ಹೆಪ್ಪುಗಟ್ಟಬಹುದು, ವರ್ಷಗಳ ನಂತರ ರೋಗ ಮರಳಬಹುದು. ಬ್ರಿಟನ್ನಿನ 2013ರ ಮಾರ್ಗಸೂಚಿಯಲ್ಲಿ ನಾಳವನ್ನು ಶಾಖದಿಂದ ಮುಚ್ಚುವುದು ಮೊದಲು, ನೊರೆ ಎರಡನೆಯದು, ಕತ್ತಿ ಕೊನೆಯದು. ಆದರೆ ನಮ್ಮಲ್ಲಿ ಈ ಚಿಕಿತ್ಸೆ ಎಂದರೆ ಕಾಲಿನ ಅಂದ ಹೆಚ್ಚಿಸುವ ಜಾಹೀರಾತೇ ನೆನಪಾಗುವಂತಾಗಿದೆ. ಜೇಡರ ಬಲೆಯ ಗೆರೆಗಳನ್ನು ಅಳಿಸಿಕೊಳ್ಳುವವರ ಬಗ್ಗೆ ನಮ್ಮ ತಕರಾರಿಲ್ಲ. ಪಾದದ ಗಂಟಿನ ಮೇಲೆ ತಿಂಗಳುಗಟ್ಟಲೆ ಮಾಯದ ಹುಣ್ಣಿಟ್ಟುಕೊಂಡು ಮೂಟೆ ಹೊರುವವನಿಗೆ, ತನ್ನ ಹುಣ್ಣಿನ ಮೂಲ ಆ ಉಬ್ಬಿದ ನಾಳವೆಂದೂ ಅದಕ್ಕೆ ಮದ್ದಿದೆಯೆಂದೂ ಯಾರು ಹೇಳಬೇಕು?

ಇನ್ನು ಇಬ್ನ್ ಸೀನಾನ ಪಟ್ಟಿಯ ಆ ಕೊನೆಯವರು, ನಿಂತೇ ಇರಬೇಕಾದವರು. ಕೋಝಿಕ್ಕೋಡಿನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಗಿರಾಕಿ ಇಲ್ಲದಾಗಲೂ ಗೋಡೆಗೆ ಒರಗುವಂತಿರಲಿಲ್ಲ. 2018ರಲ್ಲಿ ಕೇರಳ ಸರಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಅದೇ ಹಾದಿ ಹಿಡಿಯಿತು.